ಕ್ಲಾಟ್ ಡಿಸೆಂಬರ್‌ನಲ್ಲಿ, ನಮ್ಮವರ ವಿಚಾರಣೆ ಮೇ ತಿಂಗಳಲ್ಲಿ

ಸಂಪಾದಕರಿಗೆ,

ಮಾನ್ಯರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೋರ್ಟು ಆವರಣಗಳಲ್ಲಿ ವಕೀಲರಿಗೆ ಎದುರಾಗುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: ‘ಸಾರ್, ಮಗಳಿಗೆ ನೂರಕ್ಕೆ ತೊಂಬತ್ತು ಬಂದಿದೆ, ನಾಗರಬಾವಿ ಲಾ ಸ್ಕೂಲಿಗೆ ಅರ್ಜಿ ಯಾವಾಗ ಬಿಡ್ತಾರೆ?’ ಅಷ್ಟು ಹೊತ್ತಿಗೆ ಬೆಂಗಳೂರಿನ ಆ ಕಾನೂನು ಶಾಲೆಯ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ಅರ್ಜಿ ಬಿಟ್ಟು ಮುಚ್ಚಿ, ಪರೀಕ್ಷೆಯೂ ಮುಗಿದು, ಸೀಟು ಹಂಚಿಕೆಯ ಮೊದಲ ಸುತ್ತುಗಳೂ ಆಗಿಹೋಗಿರುತ್ತವೆ. ಬುದ್ಧಿ ಸಾಲದೆ ಸೀಟು ಕಳೆದುಕೊಂಡವರ ಮಾತು ಬೇರೆ. ತಾರೀಖು ಗೊತ್ತಿಲ್ಲದೆ ಕಳೆದುಕೊಂಡವರಿಗಾಗಿ ಈ ಪತ್ರ.

ಗೊಂದಲಕ್ಕೆ ಕಾರಣವೂ ಇದೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ನಡೆಸುವ ಕ್ಲಾಟ್ ಮೊದಲು ಬೇಸಿಗೆಯ ಪರೀಕ್ಷೆಯಾಗಿತ್ತು. 2022ರಲ್ಲಿ ಅದು ಎರಡು ಸಲ ನಡೆಯಿತು: ಜೂನ್‌ನಲ್ಲಿ ಆ ವರ್ಷದ ಪ್ರವೇಶಕ್ಕೆ, ಡಿಸೆಂಬರ್ 18ರಂದು ಮರುವರ್ಷದ ಪ್ರವೇಶಕ್ಕೆ. ಅಲ್ಲಿಂದೀಚೆಗೆ ಡಿಸೆಂಬರೇ ಕಾಯಂ. 2025ರ ಕ್ಲಾಟ್ ನಡೆದದ್ದು 2024ರ ಡಿಸೆಂಬರ್ 1ರಂದು, 2026ರದ್ದು 2025ರ ಡಿಸೆಂಬರ್ 7ರಂದು. ಹೆಸರಿನಲ್ಲಿರುವ ಇಸವಿ ಪ್ರವೇಶದ್ದು, ಪರೀಕ್ಷೆಯದ್ದಲ್ಲ. ಅರ್ಜಿ ಜುಲೈ-ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್-ನವೆಂಬರ್ ಹೊತ್ತಿಗೆ ಮುಚ್ಚುತ್ತದೆ. ಎಂದರೆ ವಿದ್ಯಾರ್ಥಿ ದ್ವಿತೀಯ ಪಿಯುಸಿ ತರಗತಿಯಲ್ಲಿ ಕೂತಿರುವಾಗಲೇ ಎಲ್ಲವೂ ನಡೆದುಹೋಗುತ್ತದೆ. ಪಿಯುಸಿ ಪರೀಕ್ಷೆ ಬರೆಯಲಿರುವವರೂ ಅರ್ಹರೇ; ಪ್ರವೇಶದ ಹೊತ್ತಿಗೆ ಸಾಮಾನ್ಯ ವರ್ಗಕ್ಕೆ ಶೇ 45, ಎಸ್‌ಸಿ-ಎಸ್‌ಟಿಗೆ ಶೇ 40 ಅಂಕ ತೋರಿಸಿದರೆ ಸಾಕು. ಗರಿಷ್ಠ ವಯೋಮಿತಿ ಇಲ್ಲ. ಕಲೆ, ವಾಣಿಜ್ಯ, ವಿಜ್ಞಾನ, ಯಾವ ವಿಭಾಗವಾದರೂ ಆದೀತು.

ಕಾಗದಪತ್ರದ ವಿಷಯಕ್ಕೆ ಬರೋಣ. ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಪಾಲಿದೆ. ಇದಕ್ಕೆ ಬೇಕಾದದ್ದು ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದ ದಾಖಲೆ. ತಂದೆಯ ಪಹಣಿ, ರೇಷನ್ ಕಾರ್ಡು ಇಲ್ಲಿ ನಡೆಯುವುದಿಲ್ಲ. ಗಡಿ ತಾಲ್ಲೂಕಿನವರು ಈ ಲೆಕ್ಕವನ್ನು ಬೆರಳು ಮಡಚಿ ಹಾಕಬೇಕು. ಮುಳಬಾಗಿಲಿನಲ್ಲಿ ಒಂದರಿಂದ ಹತ್ತನೇ ತರಗತಿ ಓದಿ, ಇಂಟರ್‌ಗೆ (ಅಲ್ಲಿನ ಪಿಯುಸಿಗೆ) ಆಂಧ್ರದ ಮದನಪಲ್ಲಿಗೆ ಹೋದವರಿಗೆ ಹತ್ತು ವರ್ಷ ತುಂಬಿದೆ, ಪಾಲು ಕೇಳಬಹುದು. ಪಾವಗಡದಲ್ಲಿ ಏಳನೆಯ ತರಗತಿವರೆಗೆ ಓದಿ, ಹೈಸ್ಕೂಲಿಗೆ ಆಂಧ್ರದ ಹಿಂದೂಪುರಕ್ಕೆ ಹೋಗಿ, ಪಿಯುಸಿಗೆ ವಾಪಸು ಬಂದವರಿಗೆ ಏಳೂ ಎರಡೂ ಒಂಬತ್ತೇ ಆಗುತ್ತದೆ. ಒಂದು ವರ್ಷಕ್ಕೆ ಹೋಯಿತು. ಊರು, ಮನೆ, ಮಾತು ಎಲ್ಲ ಕರ್ನಾಟಕದ್ದೇ ಆಗಿದ್ದರೂ ಅಷ್ಟೇ. ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ. ಮುಚ್ಚಿಹೋದ ಖಾಸಗಿ ಶಾಲೆಯ ದಾಖಲೆಗೆ ಬಿಇಒ ಕಚೇರಿ ಅಲೆಯಬೇಕಾದೀತು, ಅದು ಒಂದು ದಿನದ ಕೆಲಸವಲ್ಲ. ಈ ಪಾಲಿನ ಹಕ್ಕನ್ನು ಅರ್ಜಿ ತುಂಬುವಾಗಲೇ ಗುರುತು ಮಾಡಬೇಕು.

ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಗುಂಡಿ. ನಾಡಕಚೇರಿಯಲ್ಲಿ ಸಿಇಟಿಗೆಂದು ಮಾಡಿಸುವ ಪ್ರವರ್ಗ-1, 2ಎ, 3ಎ, 3ಬಿ ಪತ್ರ ರಾಜ್ಯದ ಪಟ್ಟಿಯದ್ದು. ಕೇಂದ್ರದ ಒಬಿಸಿ ಪತ್ರದ ನಮೂನೆಯೇ ಬೇರೆ, ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆ ಇರಬೇಕು. ರಾಜ್ಯದ ಪಟ್ಟಿಯಲ್ಲಿರುವ ಜಾತಿಯೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುತ್ತದೆ ಎಂದೇನಿಲ್ಲ. ಯಾವ ವಿಶ್ವವಿದ್ಯಾಲಯ ಯಾವ ಪತ್ರ ಕೇಳುತ್ತದೆ ಎಂದು ಅದರದೇ ನಿಯಮದಲ್ಲಿ ಓದಿ, ನಾಡಕಚೇರಿಯಲ್ಲಿ ‘ಕೇಂದ್ರದ್ದು ಬೇಕು’ ಎಂದು ಬಾಯಿಬಿಟ್ಟು ಕೇಳಿ. ಆರ್ಥಿಕವಾಗಿ ದುರ್ಬಲ ವರ್ಗದ ಪತ್ರಕ್ಕೆ ಆ ಆರ್ಥಿಕ ವರ್ಷದ ತಾರೀಖು ಬೇಕು; ಹೋದ ವರ್ಷದ್ದನ್ನು ಜೆರಾಕ್ಸ್ ಮಾಡಿಸಿದರೆ ತಿರಸ್ಕಾರ.

ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ತುಂಬಿಸುವುದು ತಪ್ಪಲ್ಲ. ಆದರೆ ಅಂಗಡಿಯವರದೇ ಮೊಬೈಲ್ ನಂಬರು, ಅವರದೇ ಇಮೇಲ್ ಕೊಟ್ಟು ಬರುವುದು ದೊಡ್ಡ ತಪ್ಪು. ಪರೀಕ್ಷೆಗೆ ಮುನ್ನ ಪ್ರವೇಶಪತ್ರ ಇಳಿಸಿಕೊಳ್ಳಲು, ಆಮೇಲೆ ಕೌನ್ಸೆಲಿಂಗ್‌ಗೆ, ಆ ನಂಬರೇ ಬೇಕಾಗುತ್ತದೆ. ಅಂಗಡಿಯವ ಅಷ್ಟರಲ್ಲಿ ಸಿಮ್ ಬದಲಿಸಿರುತ್ತಾನೆ. ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದೆ, ಇದು ನಮ್ಮ ಮನೆಮನೆಯ ಕಥೆ. ಆಧಾರ್ ಸರಿಪಡಿಸುವುದನ್ನು ಪ್ರಥಮ ಪಿಯುಸಿ ರಜೆಯಲ್ಲೇ ಮುಗಿಸಿ. ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯರಿಗೆ 4,000 ರೂಪಾಯಿ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್‌ನವರಿಗೆ 3,500. ಬಡವರಿಗೆ ಬರೀ ಐನೂರು ರೂಪಾಯಿ ವಿನಾಯಿತಿ ಕೊಟ್ಟು ಕೈತೊಳೆದುಕೊಂಡದ್ದು ನಮಗಂತೂ ಸರಿಕಂಡಿಲ್ಲ.

ಇನ್ನು ಪರೀಕ್ಷೆ. ಎರಡು ಗಂಟೆ, 120 ಪ್ರಶ್ನೆ, ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆ, ಭಾಷೆ ಇಂಗ್ಲಿಷ್ ಮಾತ್ರ. ಇಂಗ್ಲಿಷ್ ಮತ್ತು ತರ್ಕಕ್ಕೆ ತಲಾ 22ರಿಂದ 26, ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕಕ್ಕೆ ತಲಾ 28ರಿಂದ 32, ಗಣಿತಕ್ಕೆ 10ರಿಂದ 14 ಪ್ರಶ್ನೆ. ಎಲ್ಲವೂ ಗದ್ಯಭಾಗ ಓದಿ ಉತ್ತರಿಸುವಂಥವು. ಒಂದೊಂದು ಭಾಗ ಸುಮಾರು 450 ಪದ. ಹದಿನೆಂಟು ಭಾಗ ಎಂದು ಹಿಡಿದರೂ 8,100 ಪದ ಆಯಿತು. ನಿಮಿಷಕ್ಕೆ ನೂರು ಪದ ಓದುವವರಿಗೆ ಓದಿಗೇ 81 ನಿಮಿಷ ಹೋಗುತ್ತದೆ, ಇನ್ನೂರು ಓದುವವರಿಗೆ 40. ಪ್ರಶ್ನೆ, ಆಯ್ಕೆ ಓದುವುದು ಬೇರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟ ಇರುವುದು ಈ ವೇಗದಲ್ಲಿ. ಕಾನೂನು ಬರುವುದಿಲ್ಲ ಎಂದು ಹೆದರಬೇಕಾಗಿಲ್ಲ, ಅದನ್ನು ಪರೀಕ್ಷೆಯೇ ಹೇಳಿಕೊಡುತ್ತದೆ.

ವೇಗ ಬರುವುದಕ್ಕೆ ಒಂದೂವರೆ ವರ್ಷ ಬೇಕು, ಪ್ರಥಮ ಪಿಯುಸಿಯಿಂದ ಶುರುಮಾಡಿ ಎನ್ನುವುದು ಅದಕ್ಕೇ. ವಿಧಾನ ಸರಳ. ಬೆಳಿಗ್ಗೆ ಕನ್ನಡ ಪತ್ರಿಕೆಯ ಸಂಪಾದಕೀಯ ಓದಿ ವಿಷಯ ತಿಳಿದುಕೊಂಡು, ಅದೇ ವಿಷಯದ ಇಂಗ್ಲಿಷ್ ಲೇಖನವನ್ನು ಗಡಿಯಾರ ಇಟ್ಟುಕೊಂಡು ಓದುವುದು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಪ್ರಕಟಣೆಗಳಲ್ಲಿ ಎಷ್ಟೋ ಎರಡೂ ಭಾಷೆಯಲ್ಲಿ ಸಿಗುತ್ತವೆ. ಮೊದಲು 450 ಪದಕ್ಕೆ ಐದು ನಿಮಿಷ ಹಿಡಿದರೂ ಅಡ್ಡಿಯಿಲ್ಲ, ಮೂರಕ್ಕೆ ಇಳಿಯುವತನಕ ಬಿಡಬಾರದು. ಪ್ರತಿ ಪದಕ್ಕೂ ನಿಘಂಟು ತೆಗೆಯುವುದು ಬೇಡ. ಜಾರಿಸುವುದು ದೊಡ್ಡ ಪದಗಳಲ್ಲ, ‘ಅನ್‌ಲೆಸ್’, ‘ಓನ್ಲಿ ಇಫ್’, ‘ಮೇ’, ‘ಶಲ್’ ಎಂಬ ಸಣ್ಣವು. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮೊದಲು ಬರುತ್ತದೆ, ತೀರ್ಮಾನ ಕೊನೆಗೆ. ಇಂಗ್ಲಿಷಿನಲ್ಲಿ ತೀರ್ಮಾನ ಹೇಳಿ ಆಮೇಲೆ ‘ಅನ್‌ಲೆಸ್’ ಎಂದು ಬಾಲ ಸೇರಿಸುವುದುಂಟು. ಅರ್ಧಕ್ಕೇ ಉತ್ತರ ನಿರ್ಧರಿಸಿದವರು ಆ ಬಾಲ ನೋಡುವುದೇ ಇಲ್ಲ.

ಕಾನೂನು ತರ್ಕದಲ್ಲಿ ಬುದ್ಧಿವಂತರೇ ಏಕೆ ಸೋಲುತ್ತಾರೆ ಎನ್ನುವುದಕ್ಕೆ ಒಂದು ಮಾದರಿ. ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬ ಹದಿನೇಳು ವರ್ಷದ ಹುಡುಗನಿಗೆ ಮುಂಗಡ ಕೊಟ್ಟು, ಮುಂದಿನ ಬೆಳೆಯ ಗೂಡನ್ನೆಲ್ಲ ತನಗೇ ಕೊಡಬೇಕೆಂದು ಬರೆಸಿಕೊಂಡ. ಹುಡುಗ ಬೇರೆಯವರಿಗೆ ಮಾರಿಬಿಟ್ಟ. ಗದ್ಯಭಾಗದಲ್ಲಿರುವ ನಿಯಮ: ಅಪ್ರಾಪ್ತರು ಮಾಡಿದ ಒಪ್ಪಂದ ಮೊದಲಿನಿಂದಲೇ ಶೂನ್ಯ. ಗೂಡು ಕೊಡಿಸಿ ಎಂದು ವ್ಯಾಪಾರಿ ಕೋರ್ಟಿಗೆ ಹೋದರೆ ಗೆಲ್ಲುತ್ತಾನೆಯೇ? ಅರಳಿಕಟ್ಟೆಯ ಪಂಚಾಯ್ತಿಯಾದರೆ ‘ಮುಂಗಡ ತಿಂದ ಮೇಲೆ ಕೊಡಲೇಬೇಕು’ ಎನ್ನುತ್ತದೆ, ವಿದ್ಯಾರ್ಥಿಯ ಮನಸ್ಸೂ ಅದನ್ನೇ ಹೇಳಿ ತಪ್ಪು ವೃತ್ತ ತುಂಬಿಸುತ್ತದೆ. ಕೊಟ್ಟ ನಿಯಮದಂತೆ ವ್ಯಾಪಾರಿ ಸೋಲುತ್ತಾನೆ. ಇದರ ಹಿಂದೆ 1872ರ ಕರಾರು ಕಾಯ್ದೆಯ 11ನೇ ಕಲಮು, 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಇದೆ. ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮುಂದಿನ ಪ್ರಶ್ನೆಯಲ್ಲಿ ಹುಡುಗನ ವಯಸ್ಸು ಹತ್ತೊಂಬತ್ತು ಎಂದು ಬದಲಾಯಿಸುತ್ತಾರೆ. ಯಾವ ಸಂಗತಿ ಬದಲಾಯಿತು, ಅದರಿಂದ ನಿಯಮ ಅನ್ವಯಿಸುತ್ತದೋ ಇಲ್ಲವೋ ಎಂದು ನೋಡುವುದೇ ಇಡೀ ವಿದ್ಯೆ. ಹಳೆಯ ಗೈಡು ಕೊಳ್ಳುವವರಿಗೆ ಒಂದು ಮಾತು: 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ (ಐಪಿಸಿ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಯ ಕಲಮು ಈಗ 302 ಅಲ್ಲ, 103. ವಂಚನೆಯ 420 ಈಗ 318. ಖಾಸಗಿ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಾಗಿದ್ದ ಎಲ್‌ಸ್ಯಾಟ್-ಇಂಡಿಯಾ 2024ಕ್ಕೇ ನಿಂತಿದೆ, ಅದರ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಕ್ಲಾಟ್‌ನ ಹಿಂದಿನ ಪ್ರಶ್ನೆಪತ್ರಿಕೆಗಳು ಒಕ್ಕೂಟದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. 2020ಕ್ಕಿಂತ ಹಿಂದಿನವು ಈಗಿನ ಮಾದರಿಯವಲ್ಲ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆಂದು ಮುಟ್ಟದೆ ಬಿಟ್ಟುಬರುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ನಾಲ್ಕರಲ್ಲಿ ಎರಡು ಆಯ್ಕೆ ತಪ್ಪೆಂದು ಖಚಿತವಾದ 16 ಪ್ರಶ್ನೆಗಳನ್ನು ಊಹಿಸಿ, ಎಂಟು ಸರಿ, ಎಂಟು ತಪ್ಪಾದರೂ 8 ಅಂಕದಲ್ಲಿ 2 ಹೋಗಿ 6 ಉಳಿಯುತ್ತದೆ. ಬಿಟ್ಟುಬಂದರೆ ಸೊನ್ನೆ. ಸಮಯವನ್ನು ಪ್ರಚಲಿತಕ್ಕೆ 14 ನಿಮಿಷ, ಕಾನೂನಿಗೆ 35, ಇಂಗ್ಲಿಷಿಗೆ 24, ತರ್ಕಕ್ಕೆ 28, ಗಣಿತಕ್ಕೆ 14 ಎಂದು ಹಂಚಿಕೊಂಡರೆ ಐದು ನಿಮಿಷ ಕೈಯಲ್ಲಿರುತ್ತದೆ. ಗಣಿತ ಎಸ್‌ಎಸ್‌ಎಲ್‌ಸಿ ಮಟ್ಟದ್ದು: ಶೇಕಡಾವಾರು, ಅನುಪಾತ, ಸರಾಸರಿ. ವೃತ್ತ ತುಂಬುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಒಂದು ಗದ್ಯಭಾಗ ಮುಗಿದ ಕೂಡಲೇ ಅದರ ವೃತ್ತಗಳನ್ನು ತುಂಬಿ. ಬಿಟ್ಟ ಪ್ರಶ್ನೆಯ ಸಾಲನ್ನು ಮರೆತರೆ ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಸಾಲು ಜಾರಿರುತ್ತದೆ, ಪೆನ್ನಿನ ಗುರುತು ಅಳಿಸಲು ಬರುವುದಿಲ್ಲ.

ರ‍್ಯಾಂಕ್ ಬಂದ ಮೇಲೆ ದುಡ್ಡಿನ ಮಾತು. ಇತ್ತೀಚಿನ ಕೌನ್ಸೆಲಿಂಗ್‌ಗಳಲ್ಲಿ ನೋಂದಣಿಗೇ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಕ್ಕೆ 20,000 ರೂಪಾಯಿ ಕೇಳಿದ್ದಾರೆ, ಅದೂ ಡಿಸೆಂಬರ್-ಜನವರಿಯಲ್ಲಿ, ಕೆಲವೇ ದಿನಗಳ ಗಡುವಿನಲ್ಲಿ. ರಾಗಿ ಇನ್ನೂ ಕಣದಲ್ಲಿರುವ ಹೊತ್ತು ಅದು. ಹಣ ಮೊದಲೇ ಹೊಂದಿಸಿಡಿ, ವಾಪಸಾತಿಯ ನಿಯಮ ಓದಿಟ್ಟುಕೊಳ್ಳಿ. ಸೀಟು ಹಂಚಿಕೆಯಾದಾಗ ‘ಫ್ರೀಜ್’ ಎಂದರೆ ಇದೇ ಸಾಕು, ‘ಫ್ಲೋಟ್’ ಎಂದರೆ ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುತ್ತೇನೆ. ಮೇಲಿನದು ಸಿಕ್ಕರೆ ಹಿಂದಿನದು ತಾನಾಗಿ ಹೋಗುತ್ತದೆ, ಆದ್ದರಿಂದ ನಿಜವಾಗಿ ಹೋಗಲು ಮನಸ್ಸಿಲ್ಲದ ದೂರದ ಊರನ್ನು ಆಯ್ಕೆಪಟ್ಟಿಯಲ್ಲಿ ಮೇಲೆ ಬರೆಯಬಾರದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಇದರಲ್ಲಿಲ್ಲ, ಅದಕ್ಕೆ ಐಲೆಟ್ ಎಂಬ ಬೇರೆ ಪರೀಕ್ಷೆ. ಪದವಿ ಮುಗಿಸಿದವರಿಗೆ ನಾಗರಬಾವಿಯ ಮೂರು ವರ್ಷದ ಎಲ್‌ಎಲ್‌ಬಿಗೆ ಎನ್‌ಎಲ್‌ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ.

ಮೇ ತಿಂಗಳಲ್ಲಿ ಕೇಳಿಕೊಂಡು ಬಂದವರಿಗೆ ಬಾಗಿಲೆಲ್ಲ ಮುಚ್ಚಿದೆ ಎಂದಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿ ತುಮಕೂರಿನ ವಿದ್ಯೋದಯ, ಕೆಜಿಎಫ್‌ನ ಕೆಂಗಲ್ ಹನುಮಂತಯ್ಯ ಕಾಲೇಜಿನಂಥವು ಇವೆ. ಇಲ್ಲಿ ಪಿಯುಸಿ ಅಥವಾ ಪದವಿಯ ಅಂಕವೇ ಆಧಾರ. ಕನಿಷ್ಠ ಅಂಕ ಸಾಮಾನ್ಯರಿಗೆ ಶೇ 45, ಹಿಂದುಳಿದವರಿಗೆ 42, ಎಸ್‌ಸಿ-ಎಸ್‌ಟಿಗೆ 40. ಸೇರಿದ ಮೇಲಿನ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಒಂದು ಪತ್ರಿಕೆಯನ್ನು ಪೂರ್ತಿ ಒಂದೇ ಭಾಷೆಯಲ್ಲಿ ಬರೆಯಬೇಕು. ‘ಸೇರಿಕೊಂಡು ಬಿಡಿ, ಪರೀಕ್ಷೆಗೆ ಬಂದರೆ ಸಾಕು’ ಎಂಬ ಮಾತು ನಂಬಿ ಸೇರಬೇಡಿ, ವಕೀಲರ ಪರಿಷತ್ತಿನ ನಿಯಮದಲ್ಲಿ ಶೇ 70 ಹಾಜರಾತಿ ಇದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರ ಪದವಿ ಪಡೆದವರಿಗೆ ಎಲ್‌ಎಲ್‌ಬಿಗೆ ಅರ್ಹತೆ ಇಲ್ಲ. ಜೂನ್‌ನಲ್ಲಿ ಯಾವುದೋ ಬಿಎಗೆ ಸೇರಿ ಮೂಲ ಟಿಸಿ ಕೊಟ್ಟುಬಿಟ್ಟರೆ ಕಾನೂನು ಕಾಲೇಜಿಗೆ ಬರುವಾಗ ಅದನ್ನು ಬಿಡಿಸಿಕೊಳ್ಳುವುದೇ ಒಂದು ದಾವೆಯಾಗುತ್ತದೆ.

ತಮ್ಮಲ್ಲಿ ಒಂದು ಕೋರಿಕೆ. ಸಿಇಟಿ, ನೀಟ್ ತಾರೀಖುಗಳು ಜಿಲ್ಲಾ ಪುಟದಲ್ಲಿ ತಪ್ಪದೆ ಬರುತ್ತವೆ. ಕ್ಲಾಟ್ ಅರ್ಜಿ ತೆರೆದ ವಾರ ಮತ್ತು ಮುಚ್ಚುವುದಕ್ಕೆ ಹದಿನೈದು ದಿನ ಮೊದಲು, ನಾಲ್ಕು ಸಾಲು ಅದೇ ಜಾಗದಲ್ಲಿ ಹಾಕಿ. ಪಿಯು ಕಾಲೇಜುಗಳ ಪ್ರಾಂಶುಪಾಲರು ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಲಿ, ಮುಖ್ಯವಾಗಿ ಕಲಾ ವಿಭಾಗದ ತರಗತಿಯ ಬಾಗಿಲ ಬಳಿ.

ಇಂತಿ,
ಕೆಲವು ವಕೀಲರು ಮತ್ತು ಪಿಯು ಉಪನ್ಯಾಸಕರು, ತುಮಕೂರು