ಗ್ರೀನ್‌ಸ್ಟೆಡ್‌ನ ಮರದ ಚರ್ಚಿಗೆ ನಿಮ್ಮ ಕೈಲಾದಷ್ಟು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮ ಟ್ರಸ್ಟ್ ಕೇಳುತ್ತಿರುವುದು ಒಂದು ಚರ್ಚಿಗಾಗಿ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಓಂಗರ್ ಪೇಟೆಯ ಹತ್ತಿರ ಗ್ರೀನ್‌ಸ್ಟೆಡ್ ಅಂತ ಒಂದು ಪುಟ್ಟ ಹಳ್ಳಿ ಇದೆ, ಅಲ್ಲಿನ ಸೇಂಟ್ ಆಂಡ್ರೂ ಚರ್ಚ್. "ನಮ್ಮೂರ ಗುಡಿಯೇ ಸೋರ್ತಾ ಇದೆ, ಅವರ ಚರ್ಚಿಗೆ ನಾವ್ಯಾಕೆ ಕೊಡಬೇಕು" ಅಂತ ಕೇಳುವವರು ಇದ್ದೇ ಇರುತ್ತಾರೆ. ನಾವು ಇಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ್ದೇವೆ, ಇಲ್ಲಿನ ಅನ್ನ ತಿನ್ನುತ್ತಿದ್ದೇವೆ. ಅಷ್ಟು ಸಾಕಲ್ವಾ?

ಇದರಲ್ಲಿ ಜನ ಕೂರುವ ಭಾಗದ ಗೋಡೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಕಲ್ಲಿಲ್ಲ, ಇಟ್ಟಿಗೆಯಿಲ್ಲ. ದಪ್ಪ ಓಕ್ ಮರಗಳನ್ನು ಉದ್ದಕ್ಕೆ ಸೀಳಿ, ಉಬ್ಬಿದ ಮೈ ಹೊರಗೆ ಬರುವಂತೆ ಒಂದರ ಪಕ್ಕ ಒಂದು ನಿಲ್ಲಿಸಿದ್ದಾರೆ, ಒಟ್ಟು 51 ದಿಮ್ಮಿ. ಅಂದಿನ ಬಡಗಿಯ ಬಾಚಿಯ ಗುರುತು ಇನ್ನೂ ಕಾಣುತ್ತದೆ. ಹಿಂದೆ ಇದು ಕ್ರಿ.ಶ. 845ರದ್ದು ಅಂತ ಹೇಳುತ್ತಿದ್ದರು. 1990ರ ದಶಕದಲ್ಲಿ ಮರದ ಉಂಗುರಗಳನ್ನು ಮತ್ತೆ ಎಣಿಸಿದಾಗ 11ನೇ ಶತಮಾನದ ಕೊನೆಯ ಭಾಗಕ್ಕೆ ಬಂತು. ಇನ್ನೂರು ವರ್ಷ ಕಮ್ಮಿಯಾದರೇನು, ಇವತ್ತಿಗೂ ಪೂಜೆ ನಡೆಯುವ ಇಷ್ಟು ಹಳೆಯ ಮರದ ಗೋಡೆ ಇಂಗ್ಲೆಂಡಿನಲ್ಲಿ ಇನ್ನೆಲ್ಲಿ ಸಿಗುತ್ತದೆ ಹೇಳಿ.

ಹಾಗಂತ ಅದು ತಾನಾಗಿಯೇ ಉಳಿದದ್ದಲ್ಲ. ಮಣ್ಣಿಗೆ ತಾಗಿದ ಬುಡ ಕೊಳೆಯಿತು. ನಮ್ಮ ಮಲೆನಾಡಿನ ಮನೆಗಳಲ್ಲಿ ಕಂಬದ ಕೆಳಗೆ ಕಲ್ಲು ಇಡುತ್ತಾರಲ್ಲ, ಇಲ್ಲಿ ಆ ಬುದ್ಧಿ ಬಂದದ್ದು 1848ರ ಸುಮಾರಿಗೆ: ಕೊಳೆತ ಬುಡವನ್ನು ಕೊಯ್ದು ತೆಗೆದು, ಇಟ್ಟಿಗೆಯ ಅಡಿಪಾಯ ಕಟ್ಟಿ, ಅದರ ಮೇಲೆ ಹೊಸ ಓಕ್ ತೊಲೆ ಇಟ್ಟು ಹಳೆಯ ದಿಮ್ಮಿಗಳನ್ನು ಮತ್ತೆ ಕೂರಿಸಿದರು. ದಿಮ್ಮಿ ಸ್ವಲ್ಪ ಗಿಡ್ಡವಾಯಿತು, ಗೋಡೆ ಉಳಿಯಿತು. ಅದೇ ದುರಸ್ತಿಯಲ್ಲಿ ಬೇರೆ ಭಾಗಗಳನ್ನು ಜಾಸ್ತಿಯೇ ಬದಲಾಯಿಸಿಬಿಟ್ಟರು ಅಂತ ನನಗೆ ಅನ್ನಿಸುತ್ತದೆ, ಆದರೆ ಬುಡದ ಕೆಲಸ ಮಾಡದಿದ್ದರೆ ಇವತ್ತು ಜಗಳ ಆಡೋಕೂ ಏನೂ ಇರುತ್ತಿರಲಿಲ್ಲ.

ಇನ್ನೊಂದು ವಿಷಯ. 1834ರಲ್ಲಿ ಕೂಲಿ ಹೆಚ್ಚಿಸಿ ಅಂತ ಸಂಘ ಕಟ್ಟಿದ್ದಕ್ಕೆ ಡಾರ್ಸೆಟ್‌ನ ಟೋಲ್‌ಪಡಲ್ ಹಳ್ಳಿಯ 6 ಮಂದಿ ಕೂಲಿಕಾರರನ್ನು ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದ್ದರು. ಕ್ಷಮೆ ಸಿಕ್ಕಿ ವಾಪಸ್ ಬಂದವರಲ್ಲಿ ಕೆಲವರು ಗ್ರೀನ್‌ಸ್ಟೆಡ್‌ನಲ್ಲೇ ಗೇಣಿಗೆ ಜಮೀನು ಹಿಡಿದರು. ಅವರಲ್ಲಿ ಜೇಮ್ಸ್ ಬ್ರೈನ್, ಜೊತೆಯವನ ಮಗಳು ಎಲಿಜಬೆತ್ ಸ್ಟ್ಯಾಂಡ್‌ಫೀಲ್ಡ್‌ಳನ್ನು 1839ರಲ್ಲಿ ಮದುವೆಯಾದದ್ದು ಇದೇ ಚರ್ಚಿನಲ್ಲಿ.

ಇಂಗ್ಲೆಂಡಿನ ಚರ್ಚುಗಳ ದಿನನಿತ್ಯದ ಖರ್ಚನ್ನು ಸರ್ಕಾರ ಕೊಡುವುದಿಲ್ಲ. ಊರಿನವರೇ ಹೊಂದಿಸಬೇಕು. ಮರಕ್ಕೆ ನೀರು ಮತ್ತು ಹುಳ ಎರಡೂ ಶತ್ರು. ಮಾಡಿನ ನೀರು ಗೋಡೆಗೆ ಇಳಿಯದ ಹಾಗೆ ನೋಡಿಕೊಳ್ಳುವುದು ಯಾರ ಕಣ್ಣಿಗೂ ಬೀಳದ ಕೆಲಸ, ಆದರೆ ವರ್ಷಾ ವರ್ಷ ಮಾಡಲೇಬೇಕು. ನಾವು ಕೇಳುತ್ತಿರುವುದು ಅದಕ್ಕೆ.

ಹಣ ನಮ್ಮ ಖಾತೆಗೆ ಹಾಕಬೇಡಿ, ನೇರವಾಗಿ ಚರ್ಚಿಗೇ ಕೊಡಿ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂಗೆ ಸಹಿ ಹಾಕುವುದನ್ನು ಮರೆಯಬೇಡಿ, ನೀವು ಕೊಟ್ಟ ಪ್ರತಿ ಪೌಂಡಿಗೆ ಇನ್ನೂ 25 ಪೆನ್ಸ್ ತೆರಿಗೆ ಇಲಾಖೆಯಿಂದ ಸೇರುತ್ತದೆ, ನಿಮಗೆ ಒಂದು ಪೈಸೆಯೂ ಜಾಸ್ತಿ ಬೀಳುವುದಿಲ್ಲ. ಭಾರತದಲ್ಲಿರುವವರಿಗೆ 80ಜಿ ತೆರಿಗೆ ವಿನಾಯಿತಿ ಇದಕ್ಕೆ ಸಿಗುವುದಿಲ್ಲ, ಬ್ಯಾಂಕ್ ಶುಲ್ಕ ಬೇರೆ. ಸುಮ್ನೆ ಅಲ್ಲಿಂದ ಕಳಿಸಬೇಡಿ. ಲಂಡನ್‌ಗೆ ಬಂದಾಗ ಟ್ಯೂಬ್‌ನ (ಲಂಡನ್ನಿನ ಮೆಟ್ರೋ ರೈಲು) ಸೆಂಟ್ರಲ್ ಲೈನ್‌ನಲ್ಲಿ ಎಪ್ಪಿಂಗ್‌ವರೆಗೆ ಬನ್ನಿ. ಓಂಗರ್‌ಗೆ ಟ್ಯೂಬ್ 1994ರಲ್ಲೇ ನಿಂತುಹೋಯಿತು, ಎಪ್ಪಿಂಗ್‌ನಿಂದ ಮುಂದೆ ರಸ್ತೆಯಲ್ಲೇ ಹೋಗಬೇಕು. ಗೋಡೆ ಮುಟ್ಟಿ ನೋಡಿ, ಆಮೇಲೆ ಪೆಟ್ಟಿಗೆಗೆ ಹಾಕಿ.