ಕೂಸಿನ ಕೈಗೆ ಮೊದಲು ಹಿಟ್ಟು ಕೊಡು

ಕಲಬುರಗಿ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ಕೂಸಿಗೆ ಒಂದೂವರೆ ವರ್ಷ ತುಂಬಿತೆಂದೂ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಚುಕಿ, ಚೆಲ್ಲಿ, ಬಾಯಿಗಿಟ್ಟು ನೋಡುತ್ತಾಳೆಂದೂ, ಅವಳಿಗಾಗಿ ಬಣ್ಣದ ಮರಳು, ಅಂಟುಹಿಟ್ಟು, ನೀರಿಗೆ ಹಾಕಿದರೆ ಉಬ್ಬುವ ಮಣಿಗಳಿರುವ ಆಟಿಕೆಯ ಪೆಟ್ಟಿಗೆಯನ್ನು ತರಿಸಬೇಕೆಂದಿರುವೆಯೆಂದೂ ಬರೆದಿದ್ದೀಯ. ತರಿಸುವ ಮೊದಲು ನನ್ನ ಮಾತು ಕೇಳು. ಆ ಪೆಟ್ಟಿಗೆಯಲ್ಲಿ ಇರುವುದಕ್ಕಿಂತ ಹೆಚ್ಚಿನದು ನಿನ್ನ ಅಡುಗೆಮನೆಯಲ್ಲಿದೆ. ಆದರೆ ಅಡುಗೆಮನೆಯಲ್ಲಿ ಇರುವುದೆಲ್ಲ ಈ ವಯಸ್ಸಿಗೆ ಸಲ್ಲುವುದಿಲ್ಲ.

ಮೊದಲು ಹಿಟ್ಟಿನ ವಿಚಾರ. ಜೋಳದ ಹಿಟ್ಟನ್ನು ಕುದಿಯುವ ಎಸರಿನಲ್ಲಿ ತಿರುವಿ ಚೆನ್ನಾಗಿ ಬೇಯಿಸಿ, ಪೂರ್ತಿ ಆರಿದ ಮೇಲೆ ನಾದಿ, ಲಿಂಬೆಹಣ್ಣಿನಷ್ಟು ದೊಡ್ಡ ಉಂಡೆಯನ್ನು ಒಂದು ಪರಾತದಲ್ಲಿಟ್ಟು ಅವಳ ಮುಂದೆ ಇಡು. ನೀನು ರೊಟ್ಟಿ ಬಡಿಯುವ ಹೊತ್ತಿಗೆ ಅವಳೂ ಬಡಿಯಲಿ; ಹಂಚು ಮಾತ್ರ ಅವಳ ಕೈಗೆಟಕದಷ್ಟು ದೂರವಿರಲಿ. ಆ ಹೊತ್ತಿನಲ್ಲಿ ಮೊಬೈಲ್ ಕೊಟ್ಟು ಕೂರಿಸುತ್ತೇನೆಂದು ಬರೆದಿದ್ದೀಯ. ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹಿಟ್ಟಿಗೆ ಉಪ್ಪು ಹಾಕಬೇಡ. ಕೆಡದೆ ನಾಲ್ಕು ದಿನ ಇರಲೆಂದು ಎರಡು ಪಾಲು ಹಿಟ್ಟಿಗೆ ಒಂದು ಪಾಲು ಉಪ್ಪು ಬೆರೆಸುವವರಿದ್ದಾರೆ, ಆದರೆ ಬಾಯಿಗಿಡುವ ಕೂಸಿನ ಹೊಟ್ಟೆಗೆ ಅಷ್ಟು ಉಪ್ಪು ಹೋದರೆ ಅಪಾಯ. ಬಣ್ಣ ಬೇಕೆಂದರೆ ಬೀಟ್ರೂಟ್ ಬೇಯಿಸಿದ ನೀರು, ಪಾಲಕ್ ರಸ ಸಾಕು. ಕುಂಕುಮವಾಗಲಿ ರಂಗೋಲಿ ಪುಡಿಯಾಗಲಿ ಹತ್ತಿರ ಸುಳಿಯಬಾರದು. ಗೋಧಿಯ ಕಣಕವನ್ನು ಈಗಲೇ ಕೊಡಬೇಡ, ಹಸಿ ಹಿಟ್ಟು ಹೊಟ್ಟೆಗೆ ಒಳ್ಳೆಯದಲ್ಲ. ಬಾಯಿಗಿಡುವುದು ನಿಂತ ಮೇಲೆ ಎರಡನ್ನೂ ಜೊತೆಯಾಗಿ ಕೊಡು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲದ್ದರಿಂದ ಕಣಕ ಎಳೆದಷ್ಟೂ ಹಿಗ್ಗುತ್ತದೆ, ಜೋಳದ ಮುದ್ದೆ ಎಳೆದ ಕೂಡಲೇ ಬಿರಿಯುತ್ತದೆ. ಯಾರೂ ಹೇಳಿಕೊಡದೆ ಅವಳ ಬೆರಳುಗಳೇ ಅದನ್ನು ತಿಳಿದುಕೊಳ್ಳುತ್ತವೆ.

ಇನ್ನು ಕಾಳಿನ ಮಾತು. ಇದನ್ನು ಎರಡು ಸಲ ಓದು. ನಮ್ಮದು ತೊಗರಿಯ ಸೀಮೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೇಳೆ ನಮ್ಮದು, ಚೀಲವಿಲ್ಲದ ಮನೆಯಿಲ್ಲ, ಕೂಸು ಅತ್ತರೆ ಮೊರದಲ್ಲಿ ಒಂದು ಹಿಡಿ ಕಾಳು ಸುರಿದು ಕೂರಿಸುವುದು ಇಲ್ಲಿಯ ರೂಢಿ. ನಾನೂ ಹಾಗೆಯೇ ಮಾಡಿದೆ. ನನ್ನ ಹಿರಿಯ ಮಗನಿಗೆ ಆಗ ಎರಡು ವರ್ಷ. ಅವನ ಮುಂದೆ ತೊಗರಿಯ ಪರಾತ ಇಟ್ಟು ಒಲೆಯ ಕಡೆ ತಿರುಗಿದ ಆ ಗಳಿಗೆಯಲ್ಲಿ ಅವನು ಕಾಳೊಂದನ್ನು ಮೂಗಿಗೆ ತುರುಕಿಕೊಂಡದ್ದು ನನಗೆ ತಿಳಿಯಲಿಲ್ಲ. ಮೂರು ದಿನದ ಮೇಲೆ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯತೊಡಗಿದಾಗಲೂ ನೆಗಡಿಯೆಂದೇ ಭಾವಿಸಿದ್ದೆ. ತೇವಕ್ಕೆ ಉಬ್ಬಿ ಬಿಗಿದುಕೊಂಡಿದ್ದ ಆ ಕಾಳನ್ನು ವೈದ್ಯರು ಸಲಕರಣೆಯಿಂದ ತೆಗೆಯುವಾಗ ಅವನು ಅತ್ತ ಅಳು ಇಂದಿಗೂ ನನ್ನ ಕಿವಿಯಲ್ಲಿದೆ. ಮೂಗಿಗೆ ಹೋದದ್ದು ನಮ್ಮ ಪುಣ್ಯ. ಶ್ವಾಸನಾಳಕ್ಕೆ ಹೋಗಿದ್ದರೆ ಆ ಮೂರು ದಿನಗಳೇ ಇರುತ್ತಿರಲಿಲ್ಲ. ಆದ್ದರಿಂದ ತೊಗರಿ, ಕಡಲೆ, ಶೇಂಗಾ, ಹುಣಸೆಬೀಜ ಯಾವುದನ್ನೂ ಮೂರು ವರ್ಷ ತುಂಬುವವರೆಗೆ ಬಿಡಿಯಾಗಿ ಅವಳ ಕೈಗೆ ಕೊಡಬೇಡ. ಮೂರರೊಳಗಿನ ಮಕ್ಕಳ ಆಟಿಕೆಗಳನ್ನು ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಆ ವಯಸ್ಸಿಗೆ ನಿಷಿದ್ಧ. ನೀನು ತರಿಸಬೇಕೆಂದಿರುವ ಉಬ್ಬುವ ಮಣಿಗಳಂತೂ ಕಾಳಿಗಿಂತ ಕೆಟ್ಟವು. ನುಂಗಿದರೆ ಕರುಳಿನಲ್ಲಿ ಹಲವು ಪಟ್ಟು ದೊಡ್ಡದಾಗಿ ದಾರಿ ಕಟ್ಟುತ್ತವೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ.

ಹಾಗೆಂದು ಕಾಳಿನ ಸುಖವನ್ನೇ ಅವಳಿಗೆ ತಪ್ಪಿಸಬೇಕಾಗಿಲ್ಲ. ಮೂರು ಗಟ್ಟಿ ಬಾಟಲಿಗಳಲ್ಲಿ ತೊಗರಿ, ಜೋಳ, ಸಜ್ಜೆಯನ್ನು ಅರ್ಧರ್ಧ ತುಂಬಿಸಿ, ಮುಚ್ಚಳ ಬಿಗಿದು, ಮೇಲೆ ದಪ್ಪ ಟೇಪು ಸುತ್ತಿ ಕೊಡು. ಅಲ್ಲಾಡಿಸಿದರೆ ಮೂರರ ಸದ್ದೂ ಬೇರೆ, ತೂಕವೂ ಬೇರೆ. ಪ್ರತಿಸಲ ಕೊಡುವ ಮೊದಲು ಮುಚ್ಚಳವನ್ನು ನೀನೇ ತಿರುವಿ ನೋಡು.

ಬೇಸಿಗೆಯಲ್ಲಿ ನೀರಿಗಿಂತ ದೊಡ್ಡ ಆಟವಿಲ್ಲ. ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ ಶಹಾಬಾದ್ ಪರ್ಸಿಕಲ್ಲು ಹಾಸಿದ ಪಡಸಾಲೆಯಲ್ಲಿ ಮಕ್ಕಳನ್ನು ಬರಿಮೈಯಲ್ಲಿ ಕೂರಿಸಿ, ಪರಾತದಲ್ಲಿ ಎರಡು ಬೆರಳು ನೀರು ಹಾಕಿ, ಚಹಾ ಸೋಸುವ ಜಾಲರಿ, ಸೌಟು, ತಂಬಿಗೆ ಕೊಟ್ಟುಬಿಡುತ್ತಿದ್ದೆ. ಬಟ್ಟಲಲ್ಲಿ ಹೆಪ್ಪುಗಟ್ಟಿಸಿದ ಬರ್ಫದ ದೊಡ್ಡ ಗಡ್ಡೆಯನ್ನು ಅದರಲ್ಲಿ ತೇಲಿಬಿಡಬಹುದು, ಚಿಕ್ಕ ತುಂಡುಗಳು ಬೇಡ. ಐದು ಸೆಂಟಿಮೀಟರ್ ನೀರಿನಲ್ಲಿಯೂ ಕೂಸು ಮುಳುಗಬಹುದಾದ್ದರಿಂದ ಬಾಗಿಲು ಬಡಿದರೂ, ಫೋನು ಬಂದರೂ ನೀನು ಏಳಬಾರದು. ಎದ್ದರೆ ಕೂಸನ್ನು ಎತ್ತಿಕೊಂಡೇ ಏಳು, ಆಟ ಮುಗಿದ ಕೂಡಲೇ ಪರಾತ ಬರಿದು ಮಾಡು.

ವಾಸನೆಗೆ ಕರಿಬೇವು, ಪುದೀನ, ಅಜವಾನದ ಗಂಟುಗಳನ್ನು ತೆಳುಬಟ್ಟೆಯಲ್ಲಿ ಬಿಗಿಯಾಗಿ ಹೊಲಿದು ಮೂಸಲು ಕೊಡು. ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಕುಟ್ಟಿದ ಕೈಯನ್ನು ಮಾತ್ರ ಸೋಪಿನಿಂದ ತೊಳೆಯದೆ ಅವಳನ್ನು ಮುಟ್ಟಬೇಡ.

ಇವೆಲ್ಲಕ್ಕಿಂತ ಕಷ್ಟದ್ದು ನೀನು ಸುಮ್ಮನೆ ಕೂರುವುದು. ಅವಳ ಬೆರಳಿಗೆ ಹಿಟ್ಟು ಮೆತ್ತಿದ ತಕ್ಷಣ ಒರೆಸಲು ನಿನ್ನ ಸೆರಗು ತಾನಾಗಿಯೇ ಮುಂದೆ ಬರುತ್ತದೆ, ತಡೆದುಕೋ. ಹೀಗೆ ಮಾಡು, ಹಾಗೆ ಮಾಡು ಎನ್ನಬೇಡ. ಅವಳು ಸೌಟಿನಿಂದ ತಂಬಿಗೆಗೆ ಇಪ್ಪತ್ತು ಸಲ ನೀರು ಸುರಿದರೆ ಇಪ್ಪತ್ತು ಸಲವೂ ಅವಳಿಗೆ ಅದರಲ್ಲಿ ಏನೋ ಕೆಲಸವಿದೆ. ಐದು ನಿಮಿಷಕ್ಕೇ ಎದ್ದು ಹೋದರೆ ಅಂದಿನ ಆಟ ಮುಗಿಯಿತು. ಕೆಲವು ಕೂಸುಗಳು ಅಂಟುವುದನ್ನು ಮುಟ್ಟಲು ಹೇಸುತ್ತವೆ. ಅಂಥ ದಿನ ಕೈಹಿಡಿದು ಅದ್ದಿಸಬೇಡ. ಒಂದು ಚಮಚ ಕೊಡು, ಚಮಚದಿಂದಲೇ ಚುಚ್ಚಿ ನೋಡಲಿ. ನನ್ನ ಕಿರಿಯಳು ತಿಂಗಳುಗಟ್ಟಲೆ ಚಮಚದಲ್ಲೇ ಆಡಿದಳು, ಒಂದು ದಿನ ತಾನಾಗಿ ಬೆರಳು ಇಳಿಸಿದಳು.

ಮಣ್ಣಿನ ಆಟವನ್ನು ನನಗೆ ಬಿಡು. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಅವಳನ್ನು ಕರೆದುಕೊಂಡು ಬಾ. ಔಷಧಿ ಹೊಡೆಯದ ಜಾಗದ ಎರೆಮಣ್ಣನ್ನು ತರಿಸಿ, ಕಲ್ಲು ಕಡ್ಡಿ ತೆಗೆದು ಜರಡಿ ಹಿಡಿದು, ನೆನೆಸಿ ಇಟ್ಟಿರುತ್ತೇನೆ. ಆಟದ ಮೇಲೆ ಉಗುರಿನ ಸಂದಿಯವರೆಗೆ ಕೈ ತೊಳೆಸೋಣ; ಅಂಗನವಾಡಿಯಲ್ಲಿ ವರ್ಷ ತುಂಬಿದ ಮಕ್ಕಳಿಗೆ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡ. ಬರುವಾಗ ನಿಮ್ಮ ಬೀದರಿನ ಕೆಂಪು ಮಣ್ಣನ್ನು ಒಂದು ಬೊಗಸೆ ಕಟ್ಟಿಕೊಂಡು ಬಾ. ನಮ್ಮ ಎರೆ ಬೆರಳಿಗೆ ಬೆಣ್ಣೆಯಂತೆ ಅಂಟುತ್ತದೆ, ನಿಮ್ಮದು ಗರಗರ ಎನ್ನುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಅವಳು ಮೊದಲು ಯಾವುದಕ್ಕೆ ಕೈ ಹಾಕುತ್ತಾಳೋ ನೋಡೋಣ.

ಇಂತಿ,
ನಿನ್ನ ದೊಡ್ಡವ್ವ