ಹೊಲಿಗೆ ಯಂತ್ರದ ಜೊತೆಗೆ ಪೆಡಲ್‌ಗೊಂದು ಹಲಗೆಯನ್ನೂ ಕೊಡಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಸಾಲಾಗಿ ಜೋಡಿಸಿಟ್ಟ ಹೊಲಿಗೆ ಯಂತ್ರಗಳನ್ನು ಜನಪ್ರತಿನಿಧಿಗಳು ಫಲಾನುಭವಿ ಮಹಿಳೆಯರಿಗೆ ವಿತರಿಸುತ್ತಿರುವ ಚಿತ್ರಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಆ ಯಂತ್ರಗಳು ಮನೆ ಸೇರಿದ ಮೇಲೆ ಅವುಗಳ ಮುಂದೆ ಕುಳಿತವರಿಗೆ ಮೊದಲ ವಾರದಲ್ಲೇ ಎದುರಾಗುವ ಒಂದು ತೊಂದರೆಯ ಬಗ್ಗೆ, ಹೊಲಿಗೆ ಕಲಿಸುವ ಕೆಲಸದಲ್ಲಿರುವ ನಾನು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ವಿದ್ಯುತ್ ಹೊಲಿಗೆ ಯಂತ್ರದ ಕಾಲು ಪೆಡಲ್ ನೆಲದ ಮೇಲೆ ನಿಲ್ಲದೆ ಮುಂದಕ್ಕೆ ಜಾರಿಹೋಗುತ್ತದೆ ಎಂಬುದೇ ಆ ತೊಂದರೆ. ಕೇಳುವುದಕ್ಕೆ ಇದು ಕ್ಷುಲ್ಲಕವೆನಿಸಬಹುದು. ಆದರೆ ರವಿಕೆ, ಚೂಡಿದಾರ, ಸೀರೆಯ ಫಾಲ್ ಮತ್ತು ಜಿಗ್‌ಜಾಗ್ ಕೆಲಸದಿಂದಲೇ ಮನೆಯ ಖರ್ಚಿನ ಒಂದು ಭಾಗವನ್ನು ತೂಗಿಸುತ್ತಿರುವವರಿಗೆ ಇದು ದಿನವಿಡೀ ಕಾಡುವ ಸಂಗತಿ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಕಾಲಿನಿಂದ ತುಳಿಯುವ ಹಳೆಯ ಯಂತ್ರಗಳಲ್ಲಿ ತುಳಿಯುವ ತಟ್ಟೆಯು ಎರಕದ ಕಬ್ಬಿಣದ ಸ್ಟ್ಯಾಂಡಿಗೇ ಜೋಡಣೆಯಾಗಿದ್ದು, ಇಡೀ ಯಂತ್ರವೇ ಎದ್ದು ನಡೆದರೆ ಹೊರತು ಅದು ಜಾಗ ಬಿಟ್ಟು ಕದಲುವಂತಿರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಂದಿಗೂ ಹಾಗೆಯೇ: ಅಲ್ಲಿನ ಯಂತ್ರಗಳು ನಿಮಿಷಕ್ಕೆ ಸಾವಿರಾರು ಹೊಲಿಗೆ ಹಾಕುವಂಥವಾದರೂ ಪೆಡಲ್ ಮಾತ್ರ ಟೇಬಲ್ಲಿನ ಸ್ಟ್ಯಾಂಡಿಗೆ ಸೇರಿಕೊಂಡು, ಒಂದು ಸರಳಿನ ಮೂಲಕ ಮೋಟಾರಿಗೆ ಕೂಡಿರುತ್ತದೆ. ಅಂಥ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಮದುವೆಯೋ ಮಕ್ಕಳೋ ಆದ ಮೇಲೆ ಊರಿಗೆ ಮರಳಿ ಮನೆಯಲ್ಲೇ ಹೊಲಿಯಲು ಕುಳಿತ ನುರಿತ ಹೆಣ್ಣುಮಕ್ಕಳು ಕೂಡ, ಟೇಬಲ್ ಮೇಲಿಡುವ ಸಣ್ಣ ಯಂತ್ರವನ್ನು ಕೊಂಡಾಗ ಈ ಜಾರುವ ಪೆಡಲ್ ಮುಂದೆ ಕೈಚೆಲ್ಲುವುದನ್ನು ನಾನು ಕಂಡಿದ್ದೇನೆ. ಏಕೆಂದರೆ ಈ ಯಂತ್ರದ ಪೆಡಲ್ ಯಾವುದಕ್ಕೂ ಅಂಟಿಕೊಂಡಿಲ್ಲ. ಅಂಗೈಗಿಂತ ತುಸು ದೊಡ್ಡದಾದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೊಂದು ಸ್ಪ್ರಿಂಗು, ಹಿಂದೊಂದು ವೈರು, ಅಡಿಯಲ್ಲಿ ಗುಂಡಿಯಷ್ಟೇ ಗಾತ್ರದ ನಾಲ್ಕು ರಬ್ಬರ್ ಬುಷ್‌ಗಳು, ಇಷ್ಟೇ ಅದರ ಸಂಸಾರ.

ಪೆಡಲ್ ಹಗುರವಾದ ಕಾಲದಲ್ಲೇ ನೆಲವೂ ನುಣುಪಾಯಿತು. ಶಹಾಬಾದ್ ಕಲ್ಲು ಅಥವಾ ಒರಟು ಸಿಮೆಂಟಿನ ನೆಲದಲ್ಲಿ ರಬ್ಬರಿಗೆ ಸ್ವಲ್ಪವಾದರೂ ಹಿಡಿತ ಸಿಗುತ್ತಿತ್ತು. ಈಗ ಹಳ್ಳಿಯ ಹೊಸ ಮನೆಗಳಲ್ಲೂ ಹಾಸುತ್ತಿರುವ ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರಿಕೊಳ್ಳುವುದೇ ಇಲ್ಲವೆನ್ನುವಷ್ಟು ಬಿಗಿಯಾದ, ಗಾಜಿನಂತೆ ನಯವಾದ ಮೇಲ್ಮೈಯುಳ್ಳವು. ಅದರ ಮೇಲೆ ಹೊಲಿಗೆಯ ಕೋಣೆಯಲ್ಲಿ ಸದಾ ಹಾರಾಡುವ ದಾರದ ಜುಂಗು, ಬಟ್ಟೆಯ ನವಿರು ಧೂಳು, ಯಂತ್ರಕ್ಕೆ ಬಿಡುವಾಗ ತೊಟ್ಟಿಕ್ಕಿದ ಎಣ್ಣೆ ಎಲ್ಲವೂ ಸೇರಿ ಆ ನಾಲ್ಕು ಬುಷ್‌ಗಳ ಮೇಲೆ ಕಪ್ಪನೆಯ ಪದರವಾಗಿ ಕೂರುತ್ತವೆ. ಯಂತ್ರವನ್ನು ನಿತ್ಯ ಒರೆಸುವವರು ಕೂಡ ಪೆಡಲನ್ನು ತಿರುವಿಹಾಕಿ ನೋಡುವುದು ಅಪರೂಪ.

ಜಾರುವುದಕ್ಕೆ ಕಾರಣವನ್ನು ತಿಳಿದರೆ ಅರ್ಧ ಪರಿಹಾರ ಸಿಕ್ಕಂತೆ ಎಂಬ ಕಾರಣದಿಂದ ಇದನ್ನು ತುಸು ವಿವರಿಸುತ್ತೇನೆ. ಕಾಲು ಒತ್ತುವ ಬಲವು ನೇರವಾಗಿ ಕೆಳಕ್ಕೇ ಹೋಗುವುದಿಲ್ಲ. ಅದರ ಒಂದು ಪಾಲು ಪೆಡಲನ್ನು ನೆಲಕ್ಕೆ ಅದುಮಿದರೆ ಇನ್ನೊಂದು ಪಾಲು ಅದನ್ನು ಮುಂದಕ್ಕೆ ತಳ್ಳುತ್ತದೆ. ತಳ್ಳುವ ಪಾಲು ಅದುಮುವ ಪಾಲಿನೊಂದಿಗೆ ಹೋಲಿಸಿದಾಗ ಒಂದು ಮಿತಿಯನ್ನು ದಾಟಿತೆಂದರೆ ಪೆಡಲ್ ಜಾರುತ್ತದೆ, ಆ ಮಿತಿಯನ್ನು ನಿರ್ಧರಿಸುವುದು ರಬ್ಬರ್ ಮತ್ತು ನೆಲದ ನಡುವಿನ ಘರ್ಷಣೆ. ಗಟ್ಟಿಯಾಗಿ ಒತ್ತಿದರೆ ಜಾರುವುದಿಲ್ಲವೆಂದು ಹಲವರು ನಂಬಿದ್ದಾರೆ; ಆದರೆ ಗಟ್ಟಿಯಾಗಿ ಒತ್ತಿದಷ್ಟೂ ಎರಡು ಪಾಲೂ ಒಟ್ಟಿಗೇ ಹೆಚ್ಚುವುದರಿಂದ ಅದರಿಂದ ಲಾಭವೇನೂ ಇಲ್ಲ, ಯಂತ್ರ ಓಡುವ ವೇಗ ಮಾತ್ರ ಹೆಚ್ಚುತ್ತದೆ. ಕುರ್ಚಿ ದೂರವಿದ್ದು ಕಾಲನ್ನು ಚಾಚಿ ಒತ್ತುವವರಲ್ಲಿ ಮುಂದಕ್ಕೆ ತಳ್ಳುವ ಪಾಲು ಜಾಸ್ತಿ. ಊಟದ ಟೇಬಲ್ಲನ್ನೇ ಹೊಲಿಗೆಗೆ ಬಳಸಿಕೊಂಡು, ಎತ್ತರ ಸಾಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ಮನೆಗಳಲ್ಲಿ ಈ ದೂರು ಹೆಚ್ಚು ಕೇಳಿಬರುವುದು ಇದೇ ಕಾರಣಕ್ಕೆ.

ಇದರ ಪರಿಣಾಮ ಬಟ್ಟೆಯ ಮೇಲೆಯೇ ಕಾಣುತ್ತದೆ. ರವಿಕೆಯ ಕೊರಳಿಗೆ ಪೈಪಿಂಗ್ ಕೂರಿಸುವಾಗ ಯಂತ್ರವು ಒಂದೊಂದೇ ಹೊಲಿಗೆ ಹಾಕುವಷ್ಟು ನಿಧಾನವಾಗಿ ನಡೆಯಬೇಕು, ಅಂದರೆ ಪೆಡಲ್ ಸ್ವಲ್ಪವೇ ಒತ್ತಿದ ಸ್ಥಿತಿಯಲ್ಲಿ ಅಲುಗದೆ ನಿಲ್ಲಬೇಕು. ಅದೇ ಹೊತ್ತಿಗೆ ಅದು ಎರಡು ಅಂಗುಲ ಮುಂದಕ್ಕೆ ಸರಿದರೆ ಕಾಲು ಅದನ್ನು ಹುಡುಕಿಕೊಂಡು ಹೋಗಿ, ತುದಿಬೆರಳು ಪೆಡಲ್‌ನ ಮೇಲಂಚನ್ನು ತಟ್ಟಿ, ಯಂತ್ರ ಒಮ್ಮೆಲೇ ಧಾವಿಸುತ್ತದೆ. ಕೊರಳಿನ ತಿರುವು ಕೆಡುತ್ತದೆ, ಹೊಲಿಗೆ ಬಿಚ್ಚಬೇಕಾಗುತ್ತದೆ. ರೇಷ್ಮೆ ಬಟ್ಟೆಯಾದರೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಹಾಗೆಯೇ ಉಳಿದು, ಗಿರಾಕಿಗೆ ಉತ್ತರ ಹೇಳುವ ಹೊತ್ತಿಗೆ ಸಾಕುಸಾಕಾಗುತ್ತದೆ. ಸೂಜಿಯ ಹತ್ತಿರ ಬೆರಳಿಟ್ಟು ಬಟ್ಟೆ ನಡೆಸುತ್ತಿದ್ದಾಗ ಹೀಗಾದರೆ ಬೆರಳಿಗೇ ಅಪಾಯ. ಜಾರಿದ ಪೆಡಲನ್ನು ಪದೇ ಪದೇ ಕಾಲಿನಿಂದ ಎಳೆದುಕೊಳ್ಳುತ್ತ ಒಂದೇ ಪಕ್ಕಕ್ಕೆ ಓರೆಯಾಗಿ ಕೂರುವುದರಿಂದ ಬರುವ ಸೊಂಟ ನೋವನ್ನು ಹೊಲಿಗೆಯವರು ಕಸುಬಿನ ಪಾಲೆಂದೇ ಒಪ್ಪಿಕೊಂಡುಬಿಟ್ಟಿದ್ದಾರೆ.

ಪರಿಹಾರಕ್ಕೆಂದು ಮನೆಗಳಲ್ಲಿ ಮಾಡುವ ಕೆಲವು ಉಪಾಯಗಳು ತೊಂದರೆಗಿಂತಲೂ ಕೆಟ್ಟವು. ಪೆಡಲ್ ಅಡಿಗೆ ಒದ್ದೆ ಬಟ್ಟೆ ಹಾಸುವುದು ಅವುಗಳಲ್ಲೆಲ್ಲ ಅಪಾಯಕಾರಿ. ಒದ್ದೆ ಬಟ್ಟೆ ನೆಲವನ್ನು ಹಿಡಿದುಕೊಳ್ಳುವುದೇನೋ ನಿಜ. ಆದರೆ ಮನೆಬಳಕೆಯ ಹೆಚ್ಚಿನ ಯಂತ್ರಗಳಲ್ಲಿ ಮೋಟಾರಿಗೆ ಹೋಗುವ 230 ವೋಲ್ಟಿನ ವಿದ್ಯುತ್ ಈ ಪೆಡಲ್ ಮೂಲಕವೇ ಹಾದುಹೋಗುತ್ತದೆ ಎಂಬುದನ್ನು ಮರೆಯಬಾರದು. ನೆಲ ಒರೆಸಿದ ಕೂಡಲೇ, ತೇವ ಆರುವ ಮುನ್ನ ಪೆಡಲ್ ಇಟ್ಟು ಹೊಲಿಯಲು ಕೂರುವುದೂ ಇದೇ ಕಾರಣಕ್ಕೆ ಸಲ್ಲದು. ಪೆಡಲ್ ಮುಂದೆ ಇಟ್ಟಿಗೆ ಇಡುವವರಿದ್ದಾರೆ, ಸ್ವಲ್ಪ ಹೊತ್ತಿನಲ್ಲಿ ಇಟ್ಟಿಗೆಯೂ ಅದರೊಂದಿಗೆ ಪ್ರಯಾಣ ಬೆಳೆಸುತ್ತದೆ. ಗೋಣಿಚೀಲ ಟೈಲ್ಸ್ ಮೇಲೆ ಇನ್ನಷ್ಟು ಜಾರುತ್ತದೆ. ಎರಡೂ ಬದಿ ಅಂಟುವ ಟೇಪು ಕೆಲವು ದಿನ ಕೆಲಸ ಮಾಡಿ, ಆಮೇಲೆ ಧೂಳು ಹಿಡಿದು ಕಿತ್ತುಬಂದು, ನೆಲದ ಮೇಲೆ ಜಿಗುಟು ಕಲೆ ಬಿಟ್ಟುಹೋಗುತ್ತದೆ. ಇನ್ನು ಪೆಡಲ್‌ನ ಪ್ಲಾಸ್ಟಿಕ್ಕಿಗೇ ತೂತು ಕೊರೆದು ಸ್ಕ್ರೂ ಹಾಕುವ ಸಾಹಸವನ್ನಂತೂ ಯಾರೂ ಮಾಡಬಾರದು. ಒಳಗಿನ ವಿದ್ಯುತ್ ಭಾಗಗಳಿಗೆ ಆ ಸ್ಕ್ರೂ ತಗುಲಿದರೆ ಅನಾಹುತವಾದೀತು.

ಹಾಗಾದರೆ ಮಾಡಬೇಕಾದುದೇನು? ಖರ್ಚಿಲ್ಲದ ಕೆಲಸ ಮೊದಲು. ಪ್ಲಗ್ ಕಿತ್ತು, ಪೆಡಲನ್ನು ತಿರುವಿ, ಬುಷ್‌ಗಳನ್ನು ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಉಜ್ಜಿ, ಪೂರ್ತಿ ಒಣಗಿಸಬೇಕು. ಪೆಡಲ್ ಕೂರುವ ಜಾಗದ ನೆಲವನ್ನೂ ಎಣ್ಣೆಯ ಅಂಶ ಹೋಗುವಂತೆ ತೊಳೆದು ಒರೆಸಬೇಕು. ಹಳತಾಗಿ ಕಲ್ಲಿನಂತಾದ ಬುಷ್‌ಗಳನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಮಷೀನ್ ರಿಪೇರಿ ಅಂಗಡಿಯಲ್ಲಿ ಹೊಸವನ್ನು ಹಾಕಿಸಿಕೊಳ್ಳಬೇಕು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದು, ಮಂಡಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಚಿ, ಪಾದವಿಡೀ ಪೆಡಲ್ ಮತ್ತು ನೆಲದ ಮೇಲೆ ಸಲೀಸಾಗಿ ಕೂರುವಂತೆ ನೋಡಿಕೊಳ್ಳಬೇಕು. ಹಿಮ್ಮಡಿ ಊರಿಯೇ ಇರಬೇಕು, ಒತ್ತುವ ಕೆಲಸ ಮುಂಗಾಲಿನದು. ಹಿಮ್ಮಡಿ ಎತ್ತಿ ಇಡೀ ಕಾಲಿನಿಂದ ತುಳಿದರೆ ಪೆಡಲ್ ಜಾರದೆ ಇನ್ನೇನು ಮಾಡೀತು? ಇಷ್ಟರಿಂದಲೇ ಅನೇಕರ ತೊಂದರೆ ತೀರುತ್ತದೆ.

ತೀರದಿದ್ದರೆ, ಅಲಮಾರಿಯ ಡ್ರಾಯರಿಗೆ ಹಾಸುವ, ಪಾತ್ರೆ ಅಂಗಡಿಗಳಲ್ಲಿ ಸುರುಳಿಯಾಗಿ ಸಿಗುವ ಜಾಲರಿ ಮ್ಯಾಟನ್ನೋ ಹಳೆಯ ಯೋಗ ಮ್ಯಾಟಿನ ತುಂಡನ್ನೋ ಪೆಡಲ್ ಅಡಿಗೆ ಹಾಕಬಹುದು. ತುಂಡು ಪೆಡಲ್‌ನ ಅಳತೆಗಿಂತ ಸಾಕಷ್ಟು ದೊಡ್ಡದಿರಬೇಕು ಮತ್ತು ಅದನ್ನೂ ಆಗಾಗ ತೊಳೆಯಬೇಕು.

ಆದರೆ ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆಯಿರುವುದು ಒಂದು ಹಲಗೆಯ ಮೇಲೆ. ಬಡಗಿಯ ಅಂಗಡಿಯಲ್ಲಿ ಉಳಿಕೆಯಾಗಿ ಬಿದ್ದಿರುವ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡು, ಒಂದು ಅಡಿ ಅಗಲ ಮತ್ತು ಒಂದೂವರೆ ಅಡಿಗೆ ಕಡಿಮೆಯಿಲ್ಲದ ಉದ್ದ ಇದ್ದರೆ ಸಾಕು. ಪೆಡಲನ್ನು ಹಲಗೆಯ ಮುಂಭಾಗದಲ್ಲಿಟ್ಟು, ಅದರ ಮುಂದೆ ಮತ್ತು ಎರಡು ಪಕ್ಕಗಳಲ್ಲಿ ತೆಳುವಾದ ಮರದ ಬೀಡಿಂಗ್ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಬೇಕು. ವೈರು ಹೊರಬರುವ ಕಡೆ ಮಾತ್ರ ಜಾಗ ಬಿಟ್ಟಿರಬೇಕು. ಹಲಗೆಯ ಹಿಂಭಾಗ ಹಿಮ್ಮಡಿಗೆ ಮೀಸಲು. ಹಿಮ್ಮಡಿಯ ಭಾರ ಹಲಗೆಯ ಮೇಲೆಯೇ ಬೀಳುವುದರಿಂದ ಕಾಲೇ ಹಲಗೆಯನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ ಮತ್ತು ಮುಂಗಾಲು ಮುಂದಕ್ಕೆ ತಳ್ಳುವ ಬಲಕ್ಕೆ ಅದೇ ಹಲಗೆಯ ಮೇಲೂರಿದ ಹಿಮ್ಮಡಿಯು ಎದುರುಬಲವಾಗಿ ನಿಲ್ಲುತ್ತದೆ. ಹಲಗೆ ಗಿಡ್ಡವಾಗಿ, ಹಿಮ್ಮಡಿ ನೆಲದ ಮೇಲೆ ಬಿದ್ದರೆ ಈ ಉಪಾಯದ ಅರ್ಧ ಬಲ ಹೋದಂತೆಯೇ.

ಹಲಗೆಯ ಅಡಿಗೆ ರಬ್ಬರ್ ಬೇಕು. ಅದಕ್ಕಾಗಿ ಪಂಕ್ಚರ್ ಅಂಗಡಿಯಲ್ಲಿ ಎಸೆದ ಸೈಕಲ್ ಟ್ಯೂಬು ಸಾಕಾಗುತ್ತದೆ. ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಒಳಗೆ ಬಿಳಿಯ ಪೌಡರು ಮೆತ್ತಿಕೊಂಡಿರುತ್ತದೆ. ಅದನ್ನು ಸೋಪು ಹಾಕಿ ತೊಳೆಯದಿದ್ದರೆ ಅಂಟು ಹಿಡಿಯುವುದಿಲ್ಲ. ಪಂಕ್ಚರ್ ಹಾಕುವವರು ಬಳಸುವ ಸೊಲ್ಯೂಷನ್ನನ್ನೋ ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟನ್ನೋ ಹಲಗೆ ಮತ್ತು ಟ್ಯೂಬು ಎರಡಕ್ಕೂ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾದು, ಆಮೇಲೆ ಒತ್ತಬೇಕು. ಹಸಿಯಾಗಿರುವಾಗಲೇ ಅಂಟಿಸಿದರೆ ಮೂಲೆಗಳು ಬೇಗ ಎದ್ದುಬರುತ್ತವೆ. ನಾಲ್ಕು ಮೂಲೆಗಳಿಗೆ ಮತ್ತು ಹಿಮ್ಮಡಿ ಊರುವ ಜಾಗಕ್ಕೆ ಒಂದೊಂದು ಪಟ್ಟಿ ಸಾಕು. ಪೆಡಲನ್ನು ಹಲಗೆಗೆ ಅಂಟಿಸದೆ ಮರದ ಪಟ್ಟಿಗಳ ನಡುವೆ ಸುಮ್ಮನೆ ಇಟ್ಟರೆ, ಒರೆಸಲು ಎತ್ತಿಕೊಳ್ಳುವುದಕ್ಕೂ ರಿಪೇರಿಗೆ ಒಯ್ಯುವುದಕ್ಕೂ ಅನುಕೂಲ. ಕೆಲವು ಪೆಡಲ್‌ಗಳು ಹೊತ್ತು ಹೋದಂತೆ ಬೆಚ್ಚಗಾಗುತ್ತವೆ, ಅದರಲ್ಲೂ ಹಳೆಯವು. ಅವುಗಳ ಗಾಳಿಯಾಡುವ ಸೀಳುಗಳನ್ನು ಪಟ್ಟಿಯಾಗಲಿ ಮ್ಯಾಟಾಗಲಿ ಚಿಂದಿ ಬಟ್ಟೆಯಾಗಲಿ ಮುಚ್ಚಬಾರದು.

ಹಳೆಯ ತುಳಿಯುವ ಯಂತ್ರಕ್ಕೆ ಮೋಟಾರ್ ಕೂರಿಸಿಕೊಂಡವರಿಗೆ ಹಲಗೆಯೂ ಬೇಕಾಗಲಿಕ್ಕಿಲ್ಲ. ಕೆಲಸವಿಲ್ಲದೆ ಉಳಿದ ಕಬ್ಬಿಣದ ತಟ್ಟೆಯ ಮೇಲೆಯೇ ಪೆಡಲನ್ನಿಟ್ಟು, ತಟ್ಟೆಯ ಜಾಲರಿ ಕಂಡಿಗಳ ಮೂಲಕ ಗಟ್ಟಿ ದಾರ ಹಾಯಿಸಿ ಕಟ್ಟಬಹುದು. ತಟ್ಟೆ ತೂಗಾಡದಂತೆ ಅದರಡಿಗೆ ಹಿಂದೆ ಮುಂದೆ ಮರದ ತುಂಡು ಕೊಡಬೇಕು, ದಾರವು ಪೆಡಲ್‌ನ ಚಲಿಸುವ ಮೇಲ್ಭಾಗವನ್ನು ಬಿಗಿಯದಂತೆ ಎಚ್ಚರವಹಿಸಬೇಕು. ಇಲ್ಲವಾದರೆ ಪ್ಲಗ್ ಹಾಕಿದ ಕೂಡಲೇ ಯಂತ್ರ ತಾನಾಗಿಯೇ ಓಡತೊಡಗುತ್ತದೆ. ಇನ್ನೊಂದು ಮಾತು ವೈರಿನದು. ಗಡುಸಾದ ವೈರು ಸುರುಳಿ ಸುತ್ತಿಕೊಂಡಿದ್ದರೆ ಅದೇ ಪೆಡಲನ್ನು ಪಕ್ಕಕ್ಕೆ ತಿರುಗಿಸುತ್ತದೆ. ಸುರುಳಿ ಬಿಡಿಸಿ, ಟೇಬಲ್ ಕಾಲಿನ ಪಕ್ಕದಲ್ಲಿ ಸಡಿಲವಾಗಿ ಇಳಿಬಿಟ್ಟು, ಹಲಗೆಯ ಅಡಿಗಾಗಲಿ ಕುರ್ಚಿಯ ಕಾಲಿನಡಿಗಾಗಲಿ ಸಿಗದಂತೆ ನೋಡಿಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಪೆಡಲ್ ಜಾಗದಲ್ಲಿ ಗಟ್ಟಿಯಾಗಿ ನಿಂತಿದೆಯೆಂದರೆ ಮಗುವಿನ ಕಾಲಿಗೂ ಅದು ಸುಲಭವಾಗಿ ಸಿಗುತ್ತದೆ ಎಂದೇ ಅರ್ಥ, ಆದ್ದರಿಂದ ಎದ್ದು ಹೋಗುವಾಗ ಪ್ಲಗ್ ಕೀಳುವುದು ಇನ್ನಷ್ಟು ಅಗತ್ಯ.

ಈಗ ಆಡಳಿತದವರಲ್ಲಿ ಒಂದು ವಿನಂತಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದ್ದು, ಉಪಕರಣಗಳಿಗಾಗಿ 15,000 ರೂಪಾಯಿವರೆಗೆ ನೆರವು ಸಿಗುತ್ತದೆ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆಯೂ ಇದೆ. ಇದಲ್ಲದೆ ಸ್ಥಳೀಯ ಸಂಸ್ಥೆಗಳು ಮತ್ತು ನಿಗಮಗಳು ತಮ್ಮ ತಮ್ಮ ಯೋಜನೆಗಳಡಿ ಯಂತ್ರ ವಿತರಿಸುವುದುಂಟು. ಇಷ್ಟು ಹಣ ವೆಚ್ಚವಾಗುವ ಕಡೆ ಒಂದು ಪ್ಲೈವುಡ್ ತುಂಡು ಮತ್ತು ಅಂಗೈಯಗಲದ ರಬ್ಬರಿನ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ. ವಿದ್ಯುತ್ ಹೊಲಿಗೆ ಯಂತ್ರಗಳಿಗೆ ಟೆಂಡರ್ ಕರೆಯುವಾಗ ಸೂಜಿ, ಬಾಬಿನ್, ಎಣ್ಣೆ ಡಬ್ಬಿಗಳ ಪಟ್ಟಿಗೆ ಪೆಡಲ್ ಹಲಗೆಯೊಂದನ್ನೂ ಸೇರಿಸಬಹುದು. ಊರಿನ ಬಡಗಿಗಳಿಂದಲೇ ಅದನ್ನು ಮಾಡಿಸಿದರೆ ಅದೇ ವಿಶ್ವಕರ್ಮ ಯೋಜನೆಯ ಇನ್ನೊಂದು ಕಸುಬಿಗೂ ಕೆಲಸ ಸಿಕ್ಕೀತು.

ತರಬೇತಿ ಕೇಂದ್ರಗಳಿಗೂ ಒಂದು ಸಲಹೆಯಿದೆ. ಕಟಿಂಗ್‌ನ ಲೆಕ್ಕಾಚಾರಕ್ಕೆ ದಿನಗಟ್ಟಲೆ ಕೊಡುವ ನಾವು, ಕುರ್ಚಿಯ ಎತ್ತರ, ಹಿಮ್ಮಡಿಯ ಜಾಗ ಮತ್ತು ಪೆಡಲ್‌ನ ನಿಲುವಿಗೆ ಮೊದಲ ದಿನದ ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕು. ಪೆಡಲ್ ಜಾರಿ ಹೊಲಿಗೆ ಸೊಟ್ಟಗಾದ ಹೊಸ ವಿದ್ಯಾರ್ಥಿನಿಗೆ ಕೈ ಕೂತಿಲ್ಲವೆಂದು ಗದರುವ ಮೊದಲು, ಟೇಬಲ್ ಅಡಿಗೆ ಬಗ್ಗಿ ಅವಳ ಕಾಲು ಎಲ್ಲಿದೆ, ಪೆಡಲ್ ಎಲ್ಲಿದೆ ಎಂದು ನೋಡುವುದು ಒಳ್ಳೆಯದು.

ಇಂತಿ,
ಓರ್ವ ಹೊಲಿಗೆ ಶಿಕ್ಷಕಿ, ದಾವಣಗೆರೆ